ಹಾರ್ಲೆಯ ಮೇಲೆ ಎರಡು ಆಂಪ್ಲಿಫೈಯರ್: ಯಾವ ವೈರಿಂಗ್ ಕಿಟ್ಟಿಗೆ ದುಡ್ಡು ಕೊಡಬಹುದು?

ಬೈಕಿಗೆ ಆಂಪ್ಲಿಫೈಯರ್ ಹಾಕಿಸುವವರು ಆಂಪ್, ಸ್ಪೀಕರುಗಳ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಅವಕ್ಕೆ ಕರೆಂಟು ತಂದುಕೊಡುವ ವೈರಿಂಗ್ ಕಿಟ್ ಮಾತ್ರ ಕೊನೇ ಗಳಿಗೆಯಲ್ಲಿ ‘ಅದೂ ಒಂದು ಹಾಕ್ಬಿಡಿ’ ಎಂಬ ಮಾತಿನೊಡನೆ ಬಿಲ್ಲಿಗೆ ಸೇರುತ್ತದೆ. ಒಂದೇ ಆಂಪ್ ಇದ್ದರೆ ಹೇಗೋ ನಡೆದುಹೋಗುತ್ತದೆ. ಎರಡಾದರೆ ನಡೆಯುವುದಿಲ್ಲ. ದನಿ ಜೋರು ಮಾಡಿದಾಗ ಬಾಸ್ ಸೊರಗುವುದು, ಸಿಗ್ನಲ್ಲಿನಲ್ಲಿ ನಿಂತಾಗ ಆಂಪ್ ತಾನಾಗಿ ಆರುವುದು, ಆರ್‌ಪಿಎಂ ಜೊತೆಗೆ ಏರಿಳಿಯುವ ಕುಂಯ್ ಸದ್ದು, ಫ್ಯೂಸ್ ಹೋಲ್ಡರ್ ಕರಗುವುದು ಇವೆಲ್ಲ ಬಹುಪಾಲು ಆಂಪಿನ ದೋಷವಲ್ಲ, ಕಿಟ್ಟಿನ ದೋಷ.

ಹಾಗಾಗಿ ಈ ವಿಮರ್ಶೆ ಆಂಪುಗಳದ್ದಲ್ಲ. ಮಾರುಕಟ್ಟೆಯಲ್ಲಿ ಸಿಗುವ ಮೂರು ಬಗೆಯ ವೈರಿಂಗ್ ಕಿಟ್‌ಗಳನ್ನು ಇಲ್ಲಿ ತೂಗಿದ್ದೇವೆ: ಅಗ್ಗದ ಕಾರ್ ಕಿಟ್, ಅಪ್ಪಟ ತಾಮ್ರದ ಕಾರ್ ಕಿಟ್, ಬೈಕಿಗೆಂದೇ ಹೊಲಿದಂತೆ ಬರುವ ‘ಡ್ಯುಯಲ್ ಆಂಪ್’ ಹಾರ್ನೆಸ್ (ಮೊದಲೇ ಜೋಡಿಸಿ ಕಟ್ಟಿದ ವೈರುಗಳ ಕಂತೆ). ಒರೆಗೆ ಹಚ್ಚಲು ತೆಗೆದುಕೊಂಡದ್ದು ಮಿಲ್ವಾಕಿ-ಏಟ್ ಎಂಜಿನ್ನಿನ ಹಾರ್ಲೆ ಟೂರಿಂಗ್ ಗಾಡಿಗಳು, ಅಂದರೆ ಸ್ಟ್ರೀಟ್ ಗ್ಲೈಡ್ ಮತ್ತು ರೋಡ್ ಗ್ಲೈಡ್. ಅಮೆರಿಕದಲ್ಲಿ ಬ್ಯಾಗರ್ ಎಂದು ಕರೆಯುವ, ಪಕ್ಕದಲ್ಲಿ ಪೆಟ್ಟಿಗೆ ತೂಗುವ ಈ ಬೈಕುಗಳ ಮೇಲೇ ಎರಡು ಮೂರು ಆಂಪ್ ಹೊರಿಸುವ ಹುಚ್ಚು ಬೆಳೆದದ್ದು. ಮುಂದಿನ ಫೇರಿಂಗಿನಲ್ಲಿ, ಅಂದರೆ ಗಾಳಿ ತಡೆಯುವ ಮುಂಗವಚದಲ್ಲಿ, ತಲಾ 100 ವಾಟ್ ಆರ್‌ಎಂಎಸ್‌ನ 4 ಚಾನೆಲ್ ಆಂಪ್, ಹಿಂದಿನ ಸ್ಯಾಡಲ್‌ಬ್ಯಾಗಿನಲ್ಲಿ ತಲಾ 150 ವಾಟ್‌ನ 2 ಚಾನೆಲ್ ಆಂಪ್, ಒಟ್ಟು 700 ವಾಟ್ ಎಂದು ಲೆಕ್ಕ ಇಟ್ಟುಕೊಳ್ಳೋಣ (ಆರ್‌ಎಂಎಸ್ ಎಂದರೆ ಆಂಪ್ ಸತತವಾಗಿ ಕೊಡಬಲ್ಲ ಶಕ್ತಿ).

ಮೊದಲು ಗಾಡಿಯ ಕೈಲಿ ಎಷ್ಟಿದೆ ನೋಡಬೇಕು. ಈ ಗಾಡಿಗಳ ಚಾರ್ಜಿಂಗ್ ವ್ಯವಸ್ಥೆ ಮೂರು ಫೇಸಿನ 48 ಆಂಪಿಯರಿನದು. 2,000 ಆರ್‌ಪಿಎಂನಲ್ಲಿ 13 ವೋಲ್ಟಿಗೆ 585 ವಾಟ್, ಗರಿಷ್ಠ 650 ವಾಟ್. ಕಾರಿನ ಆಲ್ಟರ್ನೇಟರಿನಲ್ಲಿ ಫೀಲ್ಡ್ ಕಾಯಿಲ್ ಇರುವುದರಿಂದ ಬೇಡಿಕೆ ಏರಿದಂತೆ ರೆಗ್ಯುಲೇಟರ್ ಅದನ್ನು ಹುರಿದುಂಬಿಸಬಲ್ಲದು. ಬೈಕಿನಲ್ಲಿರುವುದು ಪರ್ಮನೆಂಟ್ ಮ್ಯಾಗ್ನೆಟ್. ಎಂಜಿನ್ ತಿರುಗುವ ವೇಗಕ್ಕೆ ಎಷ್ಟು ಹುಟ್ಟುತ್ತದೋ ಅಷ್ಟೇ. ಐಡಲ್‌ನಲ್ಲಿ ನಿಂತಾಗ 585 ವಾಟಿನ ಹತ್ತಿರಕ್ಕೂ ಅದು ಸುಳಿಯುವುದಿಲ್ಲ.

ಎಂಜಿನ್ ಕಂಪ್ಯೂಟರ್, ಪೆಟ್ರೋಲ್ ಪಂಪ್, ಇಗ್ನಿಷನ್, ದೀಪಗಳು, ರೇಡಿಯೊ ಎಲ್ಲ ಸೇರಿ ಸುಮಾರು 220 ವಾಟ್ ತಿನ್ನುತ್ತವೆ ಎಂದಿಟ್ಟುಕೊಂಡರೆ ಉಳಿಯುವುದು 365 ವಾಟ್, ಅಂದರೆ 13.5 ವೋಲ್ಟಿಗೆ 27 ಆಂಪಿಯರ್. (ನಿಮ್ಮ ಗಾಡಿಯ ನಿಜವಾದ ಖರ್ಚು ತಿಳಿಯಬೇಕಾದರೆ ಡಿಸಿ ಓದುವ ಕ್ಲ್ಯಾಂಪ್ ಮೀಟರ್ ಬೇಕು. ಎಸಿ ಮಾತ್ರ ಓದುವ ಅಗ್ಗದ ಕ್ಲ್ಯಾಂಪ್ ಇಲ್ಲಿ ಸೊನ್ನೆ ತೋರಿಸಿ ಕೂರುತ್ತದೆ.) ಆಂಪುಗಳ ಕಡೆಯಿಂದ ನೋಡಿದರೆ, ಕ್ಲಾಸ್ ಡಿ ಆಂಪಿನ ದಕ್ಷತೆ 80% ಎಂದು ಹಿಡಿದರೂ 700 ವಾಟ್ ಹೊರಗೆ ಬರಲು 875 ವಾಟ್ ಒಳಗೆ ಹೋಗಬೇಕು. ಅದು 65 ಆಂಪಿಯರ್. ಇದೇ ಕೆಲಸಕ್ಕೆ ಹಳೆಯ ಕ್ಲಾಸ್ ಎಬಿ ಆಂಪ್ ತಂದರೆ 95 ದಾಟಬಹುದು. ಬೈಕಿಗೆ ಅದು ಬೇಡವೇ ಬೇಡ.

ಉಳಿದಿರುವುದು 27, ಕೇಳುತ್ತಿರುವುದು 65. ಇಷ್ಟಕ್ಕೇ ಹೆದರಬೇಕಿಲ್ಲ, ಏಕೆಂದರೆ ಹಾಡು ಸತತ ಶಿಳ್ಳೆಯಲ್ಲ. ತಕ್ಕಮಟ್ಟಿಗೆ ಜೋರಾಗಿ ಇಟ್ಟ ಹಾಡಿನ ಸರಾಸರಿ, ಪೂರ್ಣ ಶಕ್ತಿಯ ಎಂಟನೇ ಒಂದರಷ್ಟು. ಇಡೀ ಹಾಡು ಗೋಡೆಯಂತೆ ಒಂದೇ ಮಟ್ಟದಲ್ಲಿದ್ದು ವಾಲ್ಯೂಮ್ ಕೊನೆಗೆ ತಿರುಗಿಸಿದ್ದರೆ ಮೂರನೇ ಒಂದು. ಅಂದರೆ 8ರಿಂದ 22 ಆಂಪಿಯರ್. ಓಡುವಾಗ ಆಲ್ಟರ್ನೇಟರ್ ಇದನ್ನು ಹೊರುತ್ತದೆ. ಕ್ಷಣಮಾತ್ರದ 65 ಆಂಪಿಯರ್ ಏಟುಗಳನ್ನು ಬ್ಯಾಟರಿ ತಡೆದುಕೊಳ್ಳುತ್ತದೆ. ಹೀಟೆಡ್ ಜಾಕೆಟ್ ಹಾಕಿಕೊಂಡು ಹೊರಟರೆ ಮಾತ್ರ ಇನ್ನೊಂದು 6-7 ಆಂಪಿಯರ್ ಅಲ್ಲೇ ಹೋಯಿತು.

ಇದೇ ಲೆಕ್ಕಕ್ಕೆ 500 ವಾಟಿನ ಮೂರನೇ ಆಂಪ್, ಅದರ ಜೊತೆಗೊಂದು ಸಬ್‌ವೂಫರ್ ಸೇರಿಸಿ ನೋಡಿ. ಒಟ್ಟು 1,200 ವಾಟ್, ಗರಿಷ್ಠ 111 ಆಂಪಿಯರ್, ಮೂರನೇ ಒಂದೆಂದರೆ 37. ಉಳಿಕೆ 27ನ್ನು ಇದು ದಾಟಿತು. ಗಾಡಿ ಓಡುತ್ತಿದ್ದರೂ ಬ್ಯಾಟರಿ ಬರಿದಾಗುತ್ತಲೇ ಹೋಗುತ್ತದೆ. ಎರಡು ಆಂಪ್ ಸರಿ, ಮೂರನೆಯದಕ್ಕೆ ಆಲ್ಟರ್ನೇಟರ್ ಬದಲಿಸುವ ಯೋಚನೆ ಮಾಡಬೇಕು. 200-250 ವಾಟಿನ ಆಲ್ಟರ್ನೇಟರ್ ಇರುವ ನಮ್ಮ ಕಡೆಯ 350 ಸಿಸಿ ಗಾಡಿಗಳಿಗಂತೂ ಸಣ್ಣದೊಂದು ಆಂಪೇ ಮಿತಿ. ಎರಡು ಆಂಪ್ ಹಾಕಿಕೊಡುತ್ತೇವೆ ಎನ್ನುವ ಅಂಗಡಿಯವರಿಗೆ ಈ ಗುಣಾಕಾರ ತೋರಿಸಿ.

ಇನ್ನು ಕಿಟ್‌ಗಳು.

ಅಗ್ಗದ ಕಾರ್ ಕಿಟ್. ಪೆಟ್ಟಿಗೆಯ ಮೇಲೆ ‘4 ಗೇಜ್, 1500 ವಾಟ್’ ಎಂದು ಹೊಳೆಯುವ ಅಕ್ಷರದಲ್ಲಿರುತ್ತದೆ. (ಗೇಜ್ ಎಂದರೆ ವೈರಿನ ದಪ್ಪದ ಅಂಕಿ, ಅಂಕಿ ಹೆಚ್ಚಾದಷ್ಟೂ ವೈರ್ ಸಣ್ಣದು.) ಮೂಲೆಯಲ್ಲಿ ಸಣ್ಣದಾಗಿ ಸಿಸಿಎ ಎಂದಿರುತ್ತದೆ. ಬ್ಯಾಟರಿಯ ಮೇಲಿನ ಸಿಸಿಎ ಚಳಿಯಲ್ಲಿ ಸ್ಟಾರ್ಟ್ ಮಾಡುವ ತಾಕತ್ತಿನ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು. ವೈರಿನ ಮೇಲಿನ ಸಿಸಿಎ ಎಂದರೆ ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ. ಎರಡನ್ನೂ ಒಂದೇ ಎಂದುಕೊಂಡು ಖುಷಿಯಿಂದ ಕೊಂಡವರೂ ಇದ್ದಾರೆ. ಅಷ್ಟೇ ದಪ್ಪದ ತಾಮ್ರಕ್ಕೆ ಹೋಲಿಸಿದರೆ ಕರೆಂಟಿಗೆ ಇದು ಒಡ್ಡುವ ತಡೆ ಸುಮಾರು ಒಂದೂವರೆ ಪಟ್ಟು.

ಅದಕ್ಕಿಂತ ದೊಡ್ಡ ಮೋಸ ದಪ್ಪದಲ್ಲಿದೆ. ಅಪ್ಪಟ 4 ಗೇಜ್ ಎಂದರೆ 21 ಚದರ ಮಿಲಿಮೀಟರ್, 8 ಗೇಜ್ ಎಂದರೆ 8.4. ಅಗ್ಗದ ಕಿಟ್ಟಿನಲ್ಲಿ ಪ್ಲಾಸ್ಟಿಕ್ ಸಿಪ್ಪೆಯನ್ನು ದಪ್ಪ ಮಾಡಿ ಒಳಗಿನ ಲೋಹವನ್ನು ಅದರ ಅರ್ಧದಷ್ಟಕ್ಕೆ ಇಳಿಸಿರುತ್ತಾರೆ. ಪತ್ತೆ ಮಾಡುವುದು ಸುಲಭ. 10 ಸೆಂಟಿಮೀಟರ್ ತುಂಡಿನ ಸಿಪ್ಪೆ ಸುಲಿದು, ಚಿನ್ನ ಬೆಳ್ಳಿ ತೂಗುವಂಥ ಸಣ್ಣ ತಕ್ಕಡಿಯ ಮೇಲಿಡಿ. 21 ಚದರ ಮಿಲಿಮೀಟರಿನ ತಾಮ್ರವಾದರೆ ಸುಮಾರು 19 ಗ್ರಾಂ ತೂಗಬೇಕು. ಅದೇ ದಪ್ಪದ ಸಿಸಿಎ 7-8 ಗ್ರಾಂ. ಅದಕ್ಕೂ ಕಡಿಮೆ ಬಂದರೆ ದಪ್ಪವೂ ಸುಳ್ಳು, ಲೋಹವೂ ಸುಳ್ಳು. ತಕ್ಕಡಿ ಇಲ್ಲದಿದ್ದರೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ; ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ತವರದ ಕಲಾಯಿ ಮಾಡಿದ ತಾಮ್ರ ಇದಕ್ಕೆ ತದ್ವಿರುದ್ಧ: ಹೊರಗೆ ಬಿಳಿ, ಕೆರೆದರೆ ಕೆಂಪು.

ತಡೆ ಹೆಚ್ಚಾದರೆ ಏನಾಗುತ್ತದೆ? ಸೀಟಿನಡಿಯ ಬ್ಯಾಟರಿಯಿಂದ ಟ್ಯಾಂಕಿನ ಕೆಳಗೆ ಹಾದು ಫೇರಿಂಗ್ ತಲುಪಲು ಹೆಚ್ಚುಕಡಿಮೆ 1.5 ಮೀಟರ್, ಹೋಗಿ ಬರಲು 3 ಮೀಟರ್. ಮುಂದಿನ ಆಂಪ್ ಎಳೆಯುವುದು ಗರಿಷ್ಠ 37 ಆಂಪಿಯರ್. ಅಪ್ಪಟ ತಾಮ್ರದ 8 ಗೇಜ್ ವೈರಿನಲ್ಲಿ 0.23 ವೋಲ್ಟ್ ಸೋರುತ್ತದೆ. ನಿಜಕ್ಕೂ 5 ಚದರ ಮಿಲಿಮೀಟರ್ ಮಾತ್ರ ಇರುವ ಸಿಸಿಎ ‘8 ಗೇಜ್’ ಆದರೆ 0.57 ವೋಲ್ಟ್. ಅದೂ ಜೋಡಣೆಗಳ ನಷ್ಟ ಬಿಟ್ಟು. ಬ್ಯಾಟರಿಯೇ 12.6ಕ್ಕೆ ಇಳಿದಿರುವ ಹೊತ್ತಿನಲ್ಲಿ ಅರ್ಧ ವೋಲ್ಟ್ ಎಂದರೆ ಆಂಪ್ ಬೇಗ ಕ್ಲಿಪ್ ಆಗುತ್ತದೆ (ಅಲೆಯ ತುದಿ ಕತ್ತರಿಸಿ ಸದ್ದು ಒಡೆಯುತ್ತದೆ), ಕ್ಲಿಪ್ ಆದ ಸದ್ದು ಕೀಚು ದನಿಯ ಸಣ್ಣ ಸ್ಪೀಕರಾದ ಟ್ವೀಟರನ್ನು ಸುಡುತ್ತದೆ. ಅಂದಹಾಗೆ ಆಂಪುಗಳ ವಾಟನ್ನು ಅಳೆಯುವ ಸಿಟಿಎ-2006 ಮಾನದಂಡದ ವೋಲ್ಟೇಜು 14.4. ಪೆಟ್ಟಿಗೆಯ ಮೇಲಿನ 100 ವಾಟ್ ನಿಮ್ಮ ಬೈಕಿನಲ್ಲಿ ಎಂದಿಗೂ ಪೂರ್ತಿ ದಕ್ಕದೆ ಇರುವುದಕ್ಕೆ ಇದೂ ಒಂದು ಕಾರಣ.

ಅಲ್ಯೂಮಿನಿಯಂಗೆ ಬೈಕಿನ ಮೇಲೆ ಇನ್ನೂ ಒಂದು ಶಾಪವಿದೆ. ಸ್ಕ್ರೂ ಬಿಗಿದ ಕಡೆ ಅದು ಮೆಲ್ಲಗೆ ಚಪ್ಪಟೆಯಾಗಿ ಜಾರುತ್ತದೆ, ವಿ-ಟ್ವಿನ್ನಿನ ಕಂಪನ ಅದನ್ನು ಇನ್ನಷ್ಟು ಸಡಿಲಿಸುತ್ತದೆ, ಸಡಿಲವಾದದ್ದು ಬಿಸಿಯಾಗುತ್ತದೆ. ಕತ್ತರಿಸಿದ ತುದಿಗೆ ನೀರು ತಾಕಿದರೆ ಬಿಳಿ ಹಿಟ್ಟಾಗುತ್ತದೆ. ಮಂಗಳೂರು, ಕಾರವಾರದ ಒಂದು ಮಳೆಗಾಲ ಸಾಕು.

ಈ ಕಿಟ್ಟಿನ ಫ್ಯೂಸ್ ಹೋಲ್ಡರ್ ವೈರಿಗಿಂತಲೂ ಕಳಪೆ. ಸಾಮಾನ್ಯವಾಗಿ ಬರುವುದು ಎಜಿಯು ಎಂಬ ಗಾಜಿನ ಕೊಳವೆ ಫ್ಯೂಸ್. ಸ್ಪ್ರಿಂಗಿನಂಥ ಎರಡು ಹಿಡಿಕೆಗಳ ನಡುವೆ ಅದು ಬರೇ ಒತ್ತಿ ಕೂತಿರುತ್ತದೆ. ಕಂಪನಕ್ಕೆ ಹಿಡಿತ ತಪ್ಪಿ ಕಾಯುತ್ತದೆ, ಹೋಲ್ಡರಿನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಫ್ಯೂಸ್ ಮಾತ್ರ ಹಾರಿರುವುದಿಲ್ಲ. ಈ ಕಿಟ್ಟಿನಲ್ಲಿ ಉಳಿಸಿಕೊಳ್ಳಬಹುದಾದದ್ದು ಕೇಬಲ್ ಟೈಗಳು. ಅವೂ ಎಂಜಿನ್ ಹತ್ತಿರ ಬೇಡ.

ಅಪ್ಪಟ ತಾಮ್ರದ ಕಾರ್ ಕಿಟ್. ಪೆಟ್ಟಿಗೆಯ ಮೇಲೆ ‘ಒಎಫ್‌ಸಿ’, ಅಂದರೆ ಆಮ್ಲಜನಕರಹಿತ ತಾಮ್ರ, ಎಂದು ಇರುತ್ತದೆ. ಒಳ್ಳೆಯವರು ಗೇಜ್ ಜೊತೆಗೆ ಚದರ ಮಿಲಿಮೀಟರನ್ನೂ ಅಚ್ಚು ಹಾಕುತ್ತಾರೆ, ಹಾಕಿದ್ದರೆ ನಂಬಿಕೆ ಒಂದು ಪಾಲು ಹೆಚ್ಚು. ಕಲಾಯಿ ಮಾಡಿದ ತಾಮ್ರ ಸಿಕ್ಕರೆ ಕರಾವಳಿಯವರು ಅದನ್ನೇ ಕೊಳ್ಳಿ. ಇದರ ತೊಂದರೆ ಅಳತೆಯದು. ಕಾರಿನ ಡಿಕ್ಕಿಗೆಂದು 5 ಮೀಟರ್ ಕೆಂಪು ವೈರ್ ಇರುತ್ತದೆ, ಕಪ್ಪು ವೈರ್ 1 ಮೀಟರೂ ಇರುವುದಿಲ್ಲ. ಕಾರಿನಲ್ಲಿ ನೆಗೆಟಿವ್ ಹತ್ತಿರದ ಬಾಡಿಗೆ ಹೋಗುತ್ತದೆ ಎಂಬ ಲೆಕ್ಕ ಅದು. ಬೈಕಿನಲ್ಲಿ ನೆಗೆಟಿವ್ ಕೂಡ ಬ್ಯಾಟರಿಯ ತನಕ ಹೋಗಬೇಕು. ಉಳಿದ ಕೆಂಪನ್ನೇ ಕತ್ತರಿಸಿ, ಎರಡೂ ತುದಿಗೆ ಕಪ್ಪು ಹೀಟ್ ಶ್ರಿಂಕ್ ಹಾಕಿ ಬಳಸಿದರೆ ಕೆಲಸ ಮುಗಿಯಿತು. ಆದರೆ ಪೂರ್ತಿ ಉದ್ದಕ್ಕೂ ಕಪ್ಪು ತೋಳು ಹಾಕುವುದು ಕ್ಷೇಮ, ಮುಂದೆ ಗಾಡಿ ಬಿಚ್ಚುವ ಮೆಕ್ಯಾನಿಕ್ಕಿಗೆ ನಿಮ್ಮ ಜಾಣತನ ಗೊತ್ತಿರುವುದಿಲ್ಲ.

ಕಿಟ್ಟೇ ಬೇಕೆಂದಿಲ್ಲ ಎನ್ನುವವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿ ಸಾಮಾನು ಸಿಗುತ್ತದೆ. ಅಲ್ಲಿ ಗೇಜ್ ಕೇಳಬೇಡಿ, ‘ಸ್ಕ್ವೇರ್ ಎಂಎಂ’ ಕೇಳಿ. ನಮ್ಮ ಲೆಕ್ಕಕ್ಕೆ ಬೇಕಾದದ್ದು: ಬ್ಯಾಟರಿಯಿಂದ ಸೀಟಿನಡಿಯ ಹಂಚಿಕೆ ಬ್ಲಾಕಿಗೆ 25 ಸ್ಕ್ವೇರ್ ವೈರ್ 30 ಸೆಂಟಿಮೀಟರ್, ಅಲ್ಲಿಂದ ಫೇರಿಂಗಿಗೆ 16 ಸ್ಕ್ವೇರ್, ಹಿಂದಿನ ಬ್ಯಾಗಿಗೆ 10 ಸ್ಕ್ವೇರ್. ಈ 16 ಸ್ಕ್ವೇರಿನಲ್ಲಿ ಮುಂದಿನ ಆಂಪಿಗೆ 0.12 ವೋಲ್ಟ್ ಮಾತ್ರ ನಷ್ಟ. ಕೂದಲಿನಂಥ ಎಳೆಗಳ ಬಳುಕುವ ವೈರನ್ನೇ ಕೊಳ್ಳಿ. ಮನೆಯ ವೈರಿಂಗಿನ ಏಳೆಳೆ ವೈರ್ ಅಷ್ಟೇ ಕರೆಂಟು ಹೊತ್ತರೂ ಕಂಪನಕ್ಕೆ ತುದಿಯಲ್ಲಿ ಮುರಿಯುತ್ತದೆ.

ಬೈಕಿನ ಡ್ಯುಯಲ್ ಆಂಪ್ ಹಾರ್ನೆಸ್. ಇದರ ಮೇಲೆ ನಿರೀಕ್ಷೆ ಹೆಚ್ಚು, ಬೆಲೆಯೂ ಹೆಚ್ಚು. ಅಳತೆಗೆ ತಕ್ಕ ಉದ್ದ, ತುದಿಗೆ ಮೊದಲೇ ಒತ್ತಿ ಕೂರಿಸಿದ ಲಗ್ಗು (ಬೋಲ್ಟಿಗೆ ಸಿಗಿಸುವ ಉಂಗುರ), ಮೇಲೆ ಬಲೆಯಂಥ ತೋಳು, ಸ್ಯಾಡಲ್‌ಬ್ಯಾಗ್ ಕಳಚಲು ಕ್ವಿಕ್ ಕನೆಕ್ಟರ್. ಅರ್ಧ ದಿನದ ಕೆಲಸ ಉಳಿಯುತ್ತದೆ, ನೋಡಲೂ ಚೆಂದ. ಆದರೆ ಮೂರು ಜಾಗ ಪರೀಕ್ಷಿಸದೆ ಕೊಳ್ಳಬೇಡಿ.

ಮೊದಲನೆಯದು ಕಾಂಡ. ಹಲವು ಹಾರ್ನೆಸ್‌ಗಳಲ್ಲಿ ಬ್ಯಾಟರಿಯಿಂದ ಹೊರಡುವ ಒಂದೇ 8 ಗೇಜ್ ವೈರ್ ಮುಂದೆ ಎರಡಾಗಿ ಕವಲೊಡೆಯುತ್ತದೆ. ಎರಡೂ ಆಂಪುಗಳ 65 ಆಂಪಿಯರ್ ಆ ಒಂದೇ ವೈರಿನ ಹೆಗಲ ಮೇಲೆ. ಎರಡನೆಯದು ಫ್ಯೂಸ್, ಇದನ್ನು ಬಹಳ ಜನ ಕಡೆಗಣಿಸುತ್ತಾರೆ. ಫ್ಯೂಸ್ ಕಾಯುವುದು ಆಂಪನ್ನಲ್ಲ, ವೈರನ್ನು. ಕಾಂಡಕ್ಕೆ ಒಂದು 60 ಆಂಪಿಯರ್ ಫ್ಯೂಸ್ ಹಾಕಿ, ಹಿಂದಿನ ಕವಲನ್ನು 10 ಗೇಜ್‌ಗೆ ಇಳಿಸಿ ಅದಕ್ಕೆ ಬೇರೆ ಫ್ಯೂಸ್ ಕೊಡದಿದ್ದರೆ, ಆ ಸಣ್ಣ ವೈರ್ ಎಲ್ಲೋ ಫ್ರೇಮಿಗೆ ಉಜ್ಜಿ ಶಾರ್ಟ್ ಆದಾಗ 60ರ ಫ್ಯೂಸ್ ಹಾರುವ ಮೊದಲು ವೈರೇ ಹೊತ್ತಿಕೊಳ್ಳಬಹುದು. ವೈರ್ ಸಣ್ಣದಾಗುವ ಪ್ರತಿ ಕವಲಿಗೂ ಅದರದೇ ಫ್ಯೂಸ್ ಬೇಕು: ಮುಖ್ಯ ಫ್ಯೂಸ್ 80, ಮುಂದಿನ ಕವಲಿಗೆ 40, ಹಿಂದಿನದಕ್ಕೆ 30. ಮುಖ್ಯ ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಎಂಬುದು ಕಾರಿನ ನಿಯಮ. ಬೈಕಿನಲ್ಲಿ 15ರೊಳಗೇ ಇಡಲು ಸಾಧ್ಯ. ಬಗೆ ಮಿಡಿ ಅಥವಾ ಮಿನಿ ಎಎನ್‌ಎಲ್ ಇರಲಿ, ಎರಡೂ ಬೋಲ್ಟ್ ಬಿಗಿದು ಕೂರುವಂಥವು. ಒತ್ತಿ ರೀಸೆಟ್ ಮಾಡುವ ಅಗ್ಗದ ಬ್ರೇಕರ್‌ಗಳು ಸೀಟಿನಡಿಯ ಎಂಜಿನ್ ಕಾವಿಗೇ ಟ್ರಿಪ್ ಆಗುತ್ತವೆ.

ಮೂರನೆಯದು ಬ್ಯಾಗಿನ ಕನೆಕ್ಟರ್. ಆಂಪ್ ಬ್ಯಾಗಿನೊಳಗೇ ಕೂತರೆ 28 ಆಂಪಿಯರ್ ಆ ಕನೆಕ್ಟರಿನ ಮೂಲಕವೇ ಹಾಯಬೇಕು. ಟ್ರೇಲರ್ ದೀಪಗಳಿಗೆ ಹಾಕುವ ಚಪ್ಪಟೆ ಪ್ಲಗ್ ಅದನ್ನು ತಾಳುವುದಿಲ್ಲ. ಆಂಡರ್ಸನ್ ಎಸ್‌ಬಿ50 ಬಗೆಯದಾದರೆ ನಿಶ್ಚಿಂತೆ. ಈ ಮೂರರಲ್ಲೂ ಪಾಸಾದ ಹಾರ್ನೆಸ್ ಸಿಕ್ಕರೆ ಬೆಲೆ ನೋಡದೆ ತೆಗೆದುಕೊಳ್ಳಬಹುದು. ಎರಡರಲ್ಲಿ ಫೇಲಾದದ್ದು ಚೆಂದದ ತೋಳು ತೊಟ್ಟ ಅಗ್ಗದ ಕಿಟ್ಟೇ.

ಹಾರ್ಲೆಯದೇ ಆದ, ರಾಕ್‌ಫರ್ಡ್ ಫಾಸ್‌ಗೇಟ್ ಜೊತೆಗೂಡಿ ಮಾಡಿಸಿದ ಆಡಿಯೊ ವ್ಯವಸ್ಥೆ ಈ ಗುಂಪಿನಿಂದ ಹೊರಗೆ. ವೈರಿಂಗ್ ಚಿಂತೆ ಇಲ್ಲ, ಆದರೆ ಡೀಲರ್ ಕಂಪ್ಯೂಟರ್ ಹಚ್ಚಿ ರೇಡಿಯೊ ಸಾಫ್ಟ್‌ವೇರ್ ಬದಲಿಸಬೇಕು. ಕೈಯಾರೆ ಮಾಡಿಕೊಳ್ಳುವವರಿಗೆ ಅದು ಹೇಳಿದ್ದಲ್ಲ.

ಯಾವ ಕಿಟ್ಟಿನ ಪೆಟ್ಟಿಗೆಯಲ್ಲೂ ಸಾಮಾನ್ಯವಾಗಿ ಇಲ್ಲದ, ಆದರೆ ಎರಡು ಆಂಪ್ ಇದ್ದಲ್ಲಿ ಇರಲೇಬೇಕಾದದ್ದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ಬೇರೊಂದು ದಾರಿಯನ್ನು ತೆರೆದು ಮುಚ್ಚುವ ಸ್ವಿಚ್. ಆಂಪನ್ನು ಎಬ್ಬಿಸುವ ನೀಲಿ ರಿಮೋಟ್ ವೈರಿಗೆ ಹೆಚ್ಚು ಕರೆಂಟು ಬೇಡ, ಆದರೂ ಹೆಡ್ ಯುನಿಟ್ಟಿನ (ಗಾಡಿಯ ರೇಡಿಯೊದ) ಆ ತುದಿ ತೀರ ಸುಕುಮಾರ. ಎರಡು ಆಂಪ್, ದನಿ ತಿದ್ದುವ ಒಂದು ಡಿಎಸ್‌ಪಿ ಜೋಡಿಸಿದರೆ ಸುಟ್ಟುಕೊಳ್ಳಬಹುದು. ಎಲ್ಲ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುವ 12 ವೋಲ್ಟಿನ ಸಾದಾ ರಿಲೇ ಸಾಕು. ಅದರ ಕಾಲುಗಳಿಗೆ ಅಂಕಿ ಇರುತ್ತದೆ: 86ಕ್ಕೆ ಕೀಲಿ ತಿರುಗಿಸಿದಾಗ ಮಾತ್ರ ಬರುವ ಆಕ್ಸೆಸರಿ ಕರೆಂಟು, 85ಕ್ಕೆ ನೆಗೆಟಿವ್, 30ಕ್ಕೆ 5 ಆಂಪಿಯರ್ ಫ್ಯೂಸ್ ಮೂಲಕ ಬ್ಯಾಟರಿ, 87ರಿಂದ ಎರಡೂ ಆಂಪುಗಳ ರಿಮೋಟ್. 85-86ರ ನಡುವೆ 1ಎನ್4007 ಡಯೋಡ್, ಅದರ ಬೆಳ್ಳಿ ಗೀಟು 86ರ ಕಡೆಗೆ. ಇದಿಲ್ಲದಿದ್ದರೆ ರಿಲೇ ಆರುವಾಗ ಹುಟ್ಟುವ ವೋಲ್ಟೇಜ್ ಏಟು ಗಾಡಿಯ ಎಲೆಕ್ಟ್ರಾನಿಕ್ಸಿಗೆ ತಾಗುತ್ತದೆ. ಸ್ಪೀಕರ್ ಸಿಗ್ನಲ್ ನೋಡಿ ತಾನೇ ಏಳುವ ಆಂಪುಗಳಿಗೆ ಇದು ಬೇಡ ಎನ್ನುತ್ತಾರೆ. ಅಂಥ ಆಂಪ್ ರಾತ್ರಿ ಹಗಲು ಎಚ್ಚರವಾಗಿದ್ದು 1 ಆಂಪಿಯರ್ ಕುಡಿದರೂ 28 ಆಂಪಿಯರ್-ಅವರ್ ಬ್ಯಾಟರಿ ಒಂದು ದಿನದಲ್ಲಿ ಬಹುಪಾಲು ಖಾಲಿ.

ನೆಗೆಟಿವ್ ವಿಷಯದಲ್ಲಿ ರಾಜಿ ಬೇಡ. ಎರಡೂ ಆಂಪುಗಳ ನೆಗೆಟಿವ್ ಬ್ಯಾಟರಿಯ ಪಕ್ಕದ ಒಂದೇ ಬ್ಲಾಕಿಗೆ ಬರಬೇಕು. ಮುಂದಿನದನ್ನು ಫೇರಿಂಗ್ ಬ್ರಾಕೆಟ್ಟಿಗೂ ಹಿಂದಿನದನ್ನು ಫ್ರೇಮಿಗೂ ಕೊಟ್ಟರೆ ಎರಡು ‘ಸೊನ್ನೆ’ಗಳ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಹುಟ್ಟಿ, ಅದು ಹಾಡಿನ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ಲಿನ ಮೂಲಕ ಹರಿದು ಆಲ್ಟರ್ನೇಟರಿನ ಕುಂಯ್ ಆಗಿ ಕೇಳಿಸುತ್ತದೆ. ಇದಕ್ಕೆ ‘ನಾಯ್ಸ್ ಫಿಲ್ಟರ್’ ಮಾರುವವರಿದ್ದಾರೆ. ನೆಗೆಟಿವ್ ಸರಿಪಡಿಸಿದರೆ ಸಾಮಾನ್ಯವಾಗಿ ಫಿಲ್ಟರ್ ಬೇಕಾಗುವುದಿಲ್ಲ. ಕೆಲವು ಕಿಟ್ಟಿನ ಜೊತೆ ಉಚಿತವಾಗಿ ಬರುವ 1 ಫ್ಯಾರಡ್ ಕೆಪಾಸಿಟರ್ ಕೂಡ ಹೀಗೆಯೇ. 14 ವೋಲ್ಟಿನಿಂದ 12.5ಕ್ಕೆ ಇಳಿಯುವಾಗ ಅದು ಕೊಡುವುದು 20 ಜೂಲ್. 875 ವಾಟ್ ಎಳೆಯುವ ಆಂಪುಗಳಿಗೆ ಅದು ಸೆಕೆಂಡಿನ ನಲವತ್ತನೇ ಒಂದು ಭಾಗಕ್ಕೂ ಸಾಲದು. ಆ ಜಾಗದಲ್ಲಿ ಒಂದು ಬಾಟಲಿ ನೀರು ಇಟ್ಟುಕೊಳ್ಳಿ.

ಲಿಥಿಯಂ ಬ್ಯಾಟರಿಗೆ ಬದಲಾಯಿಸುವ ಸಲಹೆಯೂ ಬರುತ್ತದೆ. ಏಟು ತಡೆಯುವುದರಲ್ಲಿ ಅದು ಎಜಿಎಂಗಿಂತ (ನೀರು ಹಾಕಬೇಕಿಲ್ಲದ, ಮುಚ್ಚಿದ ಲೆಡ್ ಆಸಿಡ್ ಬ್ಯಾಟರಿಗಿಂತ) ಗಟ್ಟಿ, ವೋಲ್ಟೇಜ್ ಅಷ್ಟು ಕುಸಿಯುವುದಿಲ್ಲ. ಆದರೆ ಅದರ ಮೇಲೆ ದೊಡ್ಡದಾಗಿ ಬರೆದ ಆಂಪಿಯರ್-ಅವರ್ ಹಲವು ಬಾರಿ ‘ಲೆಡ್ ಆಸಿಡ್‌ಗೆ ಸಮಾನ’ ಎಂಬ ಲೆಕ್ಕದ್ದು, ನಿಜದ ಸಂಗ್ರಹ ಅದರ ಮೂರನೇ ಒಂದರ ಆಸುಪಾಸು. ಗಾಡಿ ನಿಲ್ಲಿಸಿ ಹಾಡು ಹಾಕುವವರಿಗೆ ಇದು ನಷ್ಟದ ಬಾಬತ್ತು. 28 ಆಂಪಿಯರ್-ಅವರ್‌ನ ಎಜಿಎಂ ಕೂಡ 16 ಆಂಪಿಯರ್ ಎಳೆದರೆ ಮುಕ್ಕಾಲು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ, ಆಮೇಲೆ ಆ ದೊಡ್ಡ ಎಂಜಿನ್ ತಿರುಗೀತೆಂಬ ಭರವಸೆ ಇಲ್ಲ.

ವೈರ್ ಎಳೆಯುವಾಗ ಎರಡು ಗಾಡಿಗಳ ವ್ಯತ್ಯಾಸ ನೆನಪಿರಲಿ. ರೋಡ್ ಗ್ಲೈಡಿನ ಫೇರಿಂಗ್ ಫ್ರೇಮಿಗೆ ಬಿಗಿದದ್ದು, ಹ್ಯಾಂಡಲ್ ತಿರುಗಿದರೂ ಅಲ್ಲೇ ಇರುತ್ತದೆ. ಸ್ಟ್ರೀಟ್ ಗ್ಲೈಡಿನದು ಫೋರ್ಕಿನ ಜೊತೆ ತಿರುಗುತ್ತದೆ. ಆದ್ದರಿಂದ ಸ್ಟೀರಿಂಗ್ ಹೆಡ್ ಬಳಿ ವೈರಿಗೆ ಸಡಿಲು ಬಿಟ್ಟು, ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ಹತ್ತು ಸಲ ತಿರುಗಿಸಿ ಎಲ್ಲೂ ಎಳೆಯುವುದಿಲ್ಲ, ಉಜ್ಜುವುದಿಲ್ಲ ಎಂದು ಖಚಿತ ಮಾಡಿಕೊಂಡ ಮೇಲೆಯೇ ಟ್ಯಾಂಕ್ ಕೂರಿಸಿ. ಆಂಪಿನ ಸ್ಕ್ರೂ ಟರ್ಮಿನಲ್ಲಿಗೆ ಹೋಗುವ ವೈರಿನ ತುದಿಗೆ ಫೆರೂಲ್ (ಲೋಹದ ಸಣ್ಣ ಕೊಳವೆ) ಹಾಕಿ ಒತ್ತಿಸಿ. ಬೆಸುಗೆ ತುಂಬಿ ಗಟ್ಟಿ ಮಾಡಬೇಡಿ. ಬೆಸುಗೆ ಮುಗಿಯುವ ಗೆರೆಯಲ್ಲೇ ಎಳೆಗಳು ಮುರಿಯುತ್ತವೆ.

ಕೊನೆಗೆ ಪರೀಕ್ಷೆ. ಎಂಜಿನ್ 2,000 ಆರ್‌ಪಿಎಂನಲ್ಲಿರಲಿ, 50 ಹರ್ಟ್ಸ್‌ನ ಟೋನ್ ಒಂದನ್ನು ಕೆಲವೇ ಸೆಕೆಂಡು ಜೋರಾಗಿ ಹಾಕಿ. ಮಲ್ಟಿಮೀಟರಿನ ಒಂದು ಮೊನೆ ಬ್ಯಾಟರಿಯ ಪಾಸಿಟಿವ್ ಮೇಲೆ, ಇನ್ನೊಂದು ಆಂಪಿನ ಪಾಸಿಟಿವ್ ಮೇಲೆ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ಎಲ್ಲೋ ಜೋಡಣೆ ಸರಿಯಿಲ್ಲ. ಬ್ಲಾಕಿನ ತನಕ, ಫ್ಯೂಸಿನ ಈಚೆ, ಫ್ಯೂಸಿನ ಆಚೆ ಎಂದು ಮೊನೆಯನ್ನು ಹತ್ತಿರ ತರುತ್ತಾ ಹೋದರೆ ಕಳ್ಳ ಸಿಗುತ್ತಾನೆ. ನೆಗೆಟಿವ್ ಕಡೆಗೂ ಇದೇ ರೀತಿ. ಬ್ಯಾಟರಿಯ ಮೇಲೇ ವೋಲ್ಟೇಜು 12.5ಕ್ಕಿಂತ ಕೆಳಗಿಳಿದರೆ ಅದು ವೈರಿನ ತಪ್ಪಲ್ಲ, ಆಲ್ಟರ್ನೇಟರಿಗೆ ಹೊರೆ ಮೀರಿದೆ. ವೋಲ್ಟೇಜು ಕಡಿಮೆ ಎಂದು ಗಾಡಿಯ ಕಂಪ್ಯೂಟರ್ ದಾಖಲಿಸುವ ಪಿ0562 ಎಂಬ ಕೋಡ್ ಬಂದಿದ್ದರೆ ಗಾಡಿಯೂ ಅದನ್ನೇ ಹೇಳುತ್ತಿದೆ. ಮೊದಲ 500 ಕಿಲೋಮೀಟರ್ ಓಡಿದ ಮೇಲೆ ಬ್ಯಾಟರಿ ಬೋಲ್ಟು, ಫ್ಯೂಸಿನ ನಟ್ಟು, ಆಂಪಿನ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿಯಿರಿ, ಬಿಗಿಯುವ ಮುನ್ನ ಬ್ಯಾಟರಿಯ ನೆಗೆಟಿವ್ ಕಳಚಿ.